ಟವೆಲ್ಲಿನಡಿಯ ಕೈ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಒಳ್ಳೆಯ ಜೋಡಿಯ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹಳ್ಳಿಕಾರ್ ಎತ್ತುಗಳ ಪಕ್ಕ ನಿಂತ ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಕೈಮೇಲೆ ಹೊದಿಸುತ್ತಾನೆ, ಅದರಡಿಯಲ್ಲಿ ಎದುರಿನವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದ ಎಂಬುದೇ ಲೆಕ್ಕ. ಸುತ್ತ ನಿಂತವರ ಕಣ್ಣೆಲ್ಲ ಮುಖದ ಮೇಲೆ. ಮುಖದಲ್ಲಿ ಮಾತ್ರ ಏನೂ ಕಾಣಬಾರದು. ಮೊಬೈಲಿನಲ್ಲಿ ಪೋಕರ್ ಆಡುವವರು ಮನಸ್ಸನ್ನು ಹಿಡಿತದಲ್ಲಿಟ್ಟುಕೊಳ್ಳಲು ಮಾಡುವ ಸಾಧನೆಯ ಬಗ್ಗೆ ಓದುವಾಗಲೆಲ್ಲ ನನಗೆ ಈ ಟವೆಲ್ ನೆನಪಾಗುತ್ತದೆ.

ಆ ಸಾಧನೆಗೆ ಒಂದು ಶಾಸ್ತ್ರವೇ ಬೆಳೆದಿದೆ. ಜೇರೆಡ್ ಟೆಂಡ್ಲರ್ ಅವರು ಬ್ಯಾರಿ ಕಾರ್ಟರ್ ಜೊತೆ ಸೇರಿ 2011ರಲ್ಲಿ ತಂದ ‘ದಿ ಮೆಂಟಲ್ ಗೇಮ್ ಆಫ್ ಪೋಕರ್’ ಅದರ ಮುಖ್ಯ ಪುಸ್ತಕ. ಸೋಲಿನ ಉರಿಯಲ್ಲಿ ಆಟಗಾರ ವಿವೇಕ ಕಳೆದುಕೊಳ್ಳುವುದನ್ನು ಪೋಕರ್ ಮಂದಿ ‘ಟಿಲ್ಟ್’ ಎನ್ನುತ್ತಾರೆ. ಟೆಂಡ್ಲರ್ ಅದನ್ನು ಏಳು ಬಗೆಯಾಗಿ ಬಿಡಿಸುತ್ತಾರೆ. ನನಗೆ ಅನ್ಯಾಯವಾಯಿತು ಎನ್ನುವ ಸಿಟ್ಟು ಬೇರೆ, ಗೆಲ್ಲಬೇಕಾದವನು ನಾನು ಎನ್ನುವ ಹಮ್ಮು ಬೇರೆ, ಅವನಿಗೊಂದು ಪಾಠ ಕಲಿಸಬೇಕು ಎನ್ನುವ ಹಟ ಬೇರೆ, ಹೋದ ದುಡ್ಡನ್ನು ಈ ರಾತ್ರಿಯೇ ವಾಪಸು ತರಬೇಕೆನ್ನುವ ಹತಾಶೆ ಬೇರೆ. ಸಿಟ್ಟಿಗೆ ಹೀಗೆ ಹೆಸರಿಟ್ಟು ಬೇರು ಹುಡುಕುವ ಭಾಗವೇ ಪುಸ್ತಕದ ದೊಡ್ಡ ಗುಣ. ಮೈ ಬಾಗಿಸಿ ಬಾಲವನ್ನು ಎಳೆದುಕೊಂಡು ಮುಂದೆ ಸಾಗುವ ಹುಳುವಿನ ಹೋಲಿಕೆಯೂ ನನಗೆ ಇಷ್ಟ. ನಿನ್ನ ಅತ್ಯುತ್ತಮ ಆಟ ಎಷ್ಟೇ ಮುಂದೆ ಹೋದರೂ ಅತಿ ಕೆಟ್ಟ ಆಟ ಹಿಂದೆಯೇ ಉಳಿದರೆ ಹುಳು ಚಲಿಸುವುದಿಲ್ಲ. ಮೊದಲು ಬಾಲವನ್ನು ಎಳೆದುಕೋ ಎನ್ನುತ್ತಾರೆ ಅವರು. ಪರೀಕ್ಷೆಗೆ ಓದುವ ಹುಡುಗಿಗೂ ಮಗ್ಗದ ಮುಂದೆ ಕೂತವರಿಗೂ ಇದು ಹೊಂದುವ ಮಾತು.

ಆಡಿದ್ದನ್ನು ಮರುದಿನ ತಣ್ಣಗೆ ಕೂತು ನೋಡುವ ಅಭ್ಯಾಸಕ್ಕೆ ಆನ್‌ಲೈನ್ ಆಟವೇ ಅನುಕೂಲ ಮಾಡಿಕೊಟ್ಟಿದೆ, ಇದನ್ನು ಒಪ್ಪಬೇಕು. ಪ್ರತಿ ಕೈಯೂ, ಅಂದರೆ ಎಲೆ ಹಂಚಿ ಆಡಿದ ಪ್ರತಿ ಸುತ್ತೂ, ದಾಖಲಾಗಿರುತ್ತದೆ. ಘಾಟಿಯ ಗರ್ಭಗುಡಿಯಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೆ ಮುಖ ಮಾಡಿದ್ದರೆ, ಅದೇ ಮೂರ್ತಿಯ ಹಿಂಬದಿಯ ನರಸಿಂಹ ಪಶ್ಚಿಮಕ್ಕೆ. ಹಿಂದಿನ ಕನ್ನಡಿ ಇಲ್ಲದಿದ್ದರೆ ಎದುರು ನಿಂತವರಿಗೆ ಉಗ್ರಮುಖದ ದರ್ಶನವೇ ಆಗದು. ಆಟಗಾರನಿಗೆ ಅಂಥ ಕನ್ನಡಿ ಆ ದಾಖಲೆ.

ನನ್ನ ತಕರಾರು ಇರುವುದು ವೇಗದ ವಿಚಾರದಲ್ಲಿ. ಮೊದಲ ಎರಡು ಎಲೆಯಲ್ಲೇ ಜೋಡಿ ಎಕ್ಕ ಬರುವುದು ಸರಾಸರಿ 221 ಕೈಗೆ ಒಮ್ಮೆ. ಎದುರಾಳಿಯ ಬಳಿ ಜೋಡಿ ರಾಜ ಇದ್ದು ಎಲ್ಲ ಎಲೆಗಳೂ ಬಿದ್ದರೆ, ಆ ಎಕ್ಕಗಳೂ ನೂರಕ್ಕೆ ಸುಮಾರು 18 ಸಲ ಸೋಲುತ್ತವೆ. ಇದು ಗಣಿತ, ಯಾರ ತಪ್ಪೂ ಅಲ್ಲ. ಮೇಜಿನ ಸುತ್ತ ಕೂತು ಆಡಿದರೆ ಗಂಟೆಗೆ 25–30 ಕೈ ಆಗಬಹುದು, ಎಕ್ಕದ ಜೋಡಿಗೆ ಇಡೀ ದಿನ ಕಾಯಬೇಕು. ಪರದೆಯ ಮೇಲೆ ನಾಲ್ಕು ಮೇಜು ತೆರೆದುಕೊಂಡವನಿಗೆ ಗಂಟೆಗೆ ಇನ್ನೂರು ದಾಟುತ್ತದೆ. ವಾರಗಟ್ಟಲೆ ಹರಡಿಕೊಂಡು ಬರಬೇಕಾದ ಪೆಟ್ಟುಗಳೆಲ್ಲ ಒಂದೇ ರಾತ್ರಿ, ಒಬ್ಬನೇ ಕೂತ ಕೋಣೆಯಲ್ಲಿ ಬೀಳುತ್ತವೆ. ಉಸಿರು ನಿಧಾನ ಮಾಡು, ಟಿಪ್ಪಣಿ ಬರೆದುಕೋ ಎಂಬ ಸಲಹೆಗಳು ಸರಿಯೇ. ಆದರೆ ಸೋತ ಮರುಕ್ಷಣವೇ ಮುಂದಿನ ಎಲೆ ಹಂಚಿ, ನಿರ್ಧರಿಸಲು ಕೆಲವೇ ಸೆಕೆಂಡು ಕೊಡುವ ಯಂತ್ರದ ಎದುರು ಇಡೀ ಹೊಣೆಯನ್ನು ಆಟಗಾರನ ಮನಸ್ಸಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಮೇಲಾಗಿ ಮೇಜು ನಡೆಸುವವರು ಆಟದ ಹಣದಲ್ಲಿ ತಮ್ಮ ಪಾಲು ಮುರಿದುಕೊಳ್ಳುತ್ತಾರೆ. ಕೂತವರೆಲ್ಲ ಒಂದೇ ಸಮ ಶಿಸ್ತಿನವರಾದರೆ ಎಲ್ಲರೂ ನಿಧಾನವಾಗಿ ಸೋಲುತ್ತಾರೆ, ಅಷ್ಟೆ.

ನಮ್ಮ ರಾಜ್ಯದಲ್ಲಿ ಇಂಥ ಆಟಗಳ ಚರ್ಚೆ ಬಹುಕಾಲ ಕೌಶಲವೋ ಅದೃಷ್ಟವೋ ಎಂಬಲ್ಲೇ ಸುತ್ತಿತು. 2021ರಲ್ಲಿ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಹಣದ ಆಟ ನಿಷೇಧಿಸಿತು. ಹೈಕೋರ್ಟ್ 2022ರ ಫೆಬ್ರುವರಿ 14ರಂದು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ಕೌಶಲವಿರಲಿ, ಅದೃಷ್ಟವಿರಲಿ, ಹಣ ಕಟ್ಟುವ ಆನ್‌ಲೈನ್ ಆಟವೇ ಬೇಡ ಎಂದಿತು. ಪೋಕರ್‌ನಲ್ಲಿ ಕೌಶಲ ಇದೆ, ಸಂಶಯವಿಲ್ಲ. ಎಲೆ ಓದುವ ಕೌಶಲ ಇದ್ದವನಿಗೆ ಎದ್ದು ಹೋಗುವ ಶಕ್ತಿಯೂ ಇರುತ್ತದೆ ಎಂದು ನಂಬಿದ್ದೇ ತಪ್ಪು.

ಜಾತ್ರೆಯಲ್ಲಿ ಆ ಶಕ್ತಿಯನ್ನು ಒಬ್ಬನೇ ಹೊರಬೇಕಿಲ್ಲ. ಕೊಳ್ಳುವವನು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಎತ್ತುಗಳನ್ನು ನಾಲ್ಕು ಹೆಜ್ಜೆ ನಡೆಸುತ್ತಾನೆ. ಜೊತೆಗೆ ಬಂದ ಅಣ್ಣನೋ ಮಾವನೋ ‘ತಡಿಯಪ್ಪ, ಇನ್ನೊಂದು ಜೊತೆ ನೋಡಾನ’ ಎಂದು ತೋಳು ಹಿಡಿದು ಎಳೆಯುತ್ತಾನೆ. ಬೆಲೆ ಕೂಡಲಿಲ್ಲವೆಂದರೆ ಟವೆಲ್ಲಿನಿಂದ ಕೈ ತೆಗೆದು, ಹೋಗಿ ಉಂಡು, ಗಾಡಿಯ ಪಕ್ಕ ಮಲಗುತ್ತಾನೆ. ಬೆಳಗ್ಗೆ ಎದ್ದು ನೋಡಿದರೆ ಆ ಜೋಡಿ ಇನ್ನೂ ಅಲ್ಲೇ ಕಟ್ಟಿರಬಹುದು, ಹುಲ್ಲು ಮೇಯುತ್ತಾ.