ಮಾವನಿಗೆ ಕೊಟ್ಟ ಗುಲಾಬಿ ಟೀಶರ್ಟ್

ಅಕ್ಟೋಬರ್ ಬಂದರೆ ನಮ್ಮ ಆಫೀಸಿನ ಲಾಬಿ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಬಲೂನು, ಕಪ್‌ಕೇಕು, ಸೆಲ್ಫಿಗೆ ಒಂದು ಫ್ರೇಮು. ನಿಮ್ಮ ಆಫೀಸಲ್ಲೂ ಇರುತ್ತೆ ಬಿಡಿ. ಮೂರು ವರ್ಷದ ಹಿಂದೆ ನಾನೂ 500 ರೂಪಾಯಿ ಕೊಟ್ಟು ಐದು ಕಿಲೋಮೀಟರ್ ಓಡಿ (ನಿಜ ಹೇಳಬೇಕಂದ್ರೆ ಎರಡು ಓಡಿ ಮೂರು ನಡೆದು) ಒಂದು ಟೀಶರ್ಟ್ ತಂದೆ. ಎದೆ ಮೇಲೆ ರಿಬ್ಬನ್ನು, ಬೆನ್ನ ಮೇಲೆ ‘ಅಮ್ಮನಿಗಾಗಿ, ಅಕ್ಕನಿಗಾಗಿ, ತಂಗಿಗಾಗಿ’ ಅಂತ. ಸೈಜು ದೊಡ್ಡದಾಯ್ತು. ದೀಪಾವಳಿಗೆ ಬುಕ್ಕಸಾಗರಕ್ಕೆ ಹೋದಾಗ ಮಾವನಿಗೆ ಕೊಟ್ಟುಬಿಟ್ಟೆ.

ಮಾವ ಅದನ್ನ ತೋಟಕ್ಕೆ ಹಾಕ್ಕೊಂಡು ಹೋಗೋರು. ಬಾಳೆಕರೆ ಹತ್ತಿ ಗುಲಾಬಿ ಕಂದಾಯ್ತು. ಮುಂದಿನ ದೀಪಾವಳಿಗೆ ಹೋದರೆ ಅತ್ತೆ ಅಡುಗೆಮನೆಗೆ ಕರೆದು, “ನಿಮ್ಮ ಮಾವಗ ಎದ್ಯಾಗ ಒಂದು ಗಂಟು ಆಗೇತಿ. ತೋರಿಸ್ರಿ ಅಂದ್ರ ಕೇಳವಲ್ಲರು. ನೀನಾರ ಹೇಳಪ” ಅಂದರು. ಎಡಗಡೆ ತೊಟ್ಟಿನ ಹಿಂದೆ, ಅಡಿಕೆ ಗಾತ್ರ. ತೊಟ್ಟು ಒಳಕ್ಕೆ ಎಳೆದುಕೊಂಡಿತ್ತು. ನೋವಿರಲಿಲ್ಲ, ಅದೇ ಅವರ ಧೈರ್ಯ. ಎಂಟು ತಿಂಗಳ ಹಿಂದೆಯೇ ಒಬ್ಬ ಡಾಕ್ಟರು ಕೊಬ್ಬಿನ ಗಂಟು ಅಂತ ಹೇಳಿ ಕಳಿಸಿದ್ದರಂತೆ.

ಬಯಾಪ್ಸಿ ರಿಪೋರ್ಟ್ ಬಂದ ದಿನ ಮಾವ ಕೇಳಿದ್ದು ಒಂದೇ: “ಇದು ಹೆಂಗಸರ ರೋಗ ಅಲ್ಲೇನೋ ಅಳಿಯಾ?”

ಆ ಪ್ರಶ್ನೆಯನ್ನ ಅವರ ಬಾಯಿಗೆ ಇಟ್ಟದ್ದು ನಾವೇ ಅನ್ನೋದು ನನ್ನ ತಕರಾರು. ರೋಗದ ಹೆಸರಿಂದಲೇ ಶುರು ಮಾಡೋಣ. ‘ಸ್ತನ’ ಅನ್ನೋ ಪದವನ್ನ ಕನ್ನಡದಲ್ಲಿ ಯಾವ ಗಂಡಸೂ ತನ್ನ ಮೈಗೆ ಬಳಸಿಕೊಳ್ಳಲ್ಲ. ಅವನಿಗಿರೋದು ಎದೆ. ಎದೆಯಲ್ಲಿ ಏನಾದರೂ ಆಯ್ತು ಅಂದ್ರೆ ಹಾರ್ಟು. ಹಾಗಾಗಿ ‘ಸ್ತನ ಕ್ಯಾನ್ಸರ್ ಜಾಗೃತಿ’ ಅಂತ ಬ್ಯಾನರ್ ಕಟ್ಟಿದ ಕ್ಷಣವೇ ಓದುಗರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಾರೆ. ಆದರೆ ಗಂಡಸಿನ ತೊಟ್ಟಿನ ಹಿಂದೆಯೂ ಸ್ವಲ್ಪ ಮಟ್ಟಿಗೆ ಅದೇ ಅಂಗಾಂಶ ಇರುತ್ತೆ, ಅದಕ್ಕೂ ಕ್ಯಾನ್ಸರ್ ಬರುತ್ತೆ. ನೂರು ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ಒಂದು ಗಂಡಸಿನದು, ಹೆಚ್ಚಾಗಿ ಅರವತ್ತರ ಆಚೀಚೆ. ಯಾರೂ ಹುಡುಕದೇ ಇರೋದರಿಂದ ಪತ್ತೆಯಾಗೋದೂ ತಡ.

ಬ್ಯಾನರ್ ಬಿಡಿ, ಅದು ಜಾಹೀರಾತು. ಸರ್ಕಾರಿ ಫಾರಂ ನೋಡಿ. 30 ದಾಟಿದ ಪ್ರತಿಯೊಬ್ಬರಿಗೂ ಆಶಾ ಕಾರ್ಯಕರ್ತೆಯರು ಮನೆಗೆ ಬಂದು ತುಂಬಿಸಿಕೊಳ್ಳುವ ಸಿ-ಬ್ಯಾಕ್ ಅನ್ನೋ ಪ್ರಶ್ನಾವಳಿ ಇದೆ. ಬೀಡಿ, ಗುಟ್ಕಾ, ಕುಡಿತ, ಸೊಂಟದ ಸುತ್ತಳತೆ ಎಲ್ಲಾ ಕೇಳುತ್ತೆ. ಎರಡು ವಾರ ದಾಟಿದ ಕೆಮ್ಮು, ಬಾಯಲ್ಲಿ ವಾಸಿಯಾಗದ ಹುಣ್ಣು, ಇವು ಎಲ್ಲರಿಗೂ. ಆಮೇಲೆ ‘ಮಹಿಳೆಯರಿಗೆ ಮಾತ್ರ’ ಅನ್ನೋ ಭಾಗ. ಗಂಟು ಇದೆಯಾ, ತೊಟ್ಟಿನಿಂದ ರಕ್ತ ಬರುತ್ತಾ, ಆಕಾರ ಬದಲಾಗಿದೆಯಾ, ಈ ಮೂರೂ ಅಲ್ಲಿವೆ. ಮಾವನ ಮನೆಗೂ ಬಂದು ಕೇಳಿ ಹೋಗಿದ್ದರಂತೆ. ಬಾಯಿ ತೆಗೆಸಿ ಹುಣ್ಣು ನೋಡಿದರು, ಗಂಟಿನ ಪ್ರಶ್ನೆಯನ್ನ ಅತ್ತೆಗೆ ಕೇಳಿದರು. ಅವರದ್ದೇನೂ ತಪ್ಪಿಲ್ಲ, ಫಾರಂ ಹೇಳಿಕೊಟ್ಟ ಹಾಗೆ ಮಾಡಿದರು. ಹೊರಗುರುತು ನೋಡಿ ಹೆಣ್ಣು-ಗಂಡು ಅಂತ ವಿಂಗಡಿಸೋದನ್ನ ಜೇಡರ ದಾಸಿಮಯ್ಯ ಎಂದೋ ಪ್ರಶ್ನಿಸಿದ್ದ. ಫಾರಂ ಬರೆದವರು ಅವನನ್ನ ಓದಿರಲಿಕ್ಕಿಲ್ಲ.

ಎಲ್ಲ ಗಂಡಸರಿಗೂ ಮ್ಯಾಮೋಗ್ರಾಂ ಮಾಡಿಸಿ ಅಂತ ನಾನೇನೂ ಹೇಳ್ತಿಲ್ಲ. ಇಷ್ಟು ಅಪರೂಪದ ರೋಗಕ್ಕೆ ಅದು ದಂಡ. ಒಂದು ಸಾಲನ್ನ ‘ಎಲ್ಲರಿಗೂ’ ಅನ್ನೋ ಭಾಗಕ್ಕೆ ಸರಿಸಿ ಅಂತಷ್ಟೇ. ಅದಕ್ಕೆ ಓಟ ಬೇಡ, ದೇಣಿಗೆಯೂ ಬೇಡ.

ದೇಣಿಗೆ ಅಂದಾಗ ರಿಬ್ಬನ್ನಿನ ಕತೆ ಹೇಳಲೇಬೇಕು. ಅಮೆರಿಕದ ಶಾರ್ಲೆಟ್ ಹೇಲಿ ಅನ್ನೋ ಹೆಂಗಸು ಮನೆಯಲ್ಲೇ ಕೂತು ಪೀಚ್ ಬಣ್ಣದ ರಿಬ್ಬನ್ ಮಾಡಿ ಹಂಚ್ತಿದ್ದಳು. ಜೊತೆಗೊಂದು ಚೀಟಿ: ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಬಜೆಟ್‌ನಲ್ಲಿ ರೋಗ ತಡೆಗೆ ಹೋಗೋದು ಶೇಕಡಾ 5 ಮಾತ್ರ, ಎಚ್ಚರಿಸಿ ಅಂತ. 1992ರಲ್ಲಿ ಒಂದು ಪತ್ರಿಕೆ ಮತ್ತು ಎಸ್ಟೀ ಲಾಡರ್ ಕಂಪನಿ ಆ ರಿಬ್ಬನ್ ಕೇಳಿದವು. ವ್ಯಾಪಾರಕ್ಕೆ ಕೊಡಲ್ಲ ಅಂದಳು. ಅವರು ಬಣ್ಣ ಬದಲಿಸಿ ಗುಲಾಬಿ ಮಾಡಿಕೊಂಡರು. ಲೆಕ್ಕ ಕೇಳ್ತಿದ್ದ ರಿಬ್ಬನ್ನು ಲಿಪ್‌ಸ್ಟಿಕ್ ಪಕ್ಕ ಕೂತಿತು. ಗಂಡಸರಿಗೆ ಗುಲಾಬಿ-ನೀಲಿ ರಿಬ್ಬನ್ ಕೂಡ ಇದೆ. ಇದೇ ರೋಗದಲ್ಲಿ ಅಪ್ಪನನ್ನ ಕಳೆದುಕೊಂಡ ನ್ಯಾನ್ಸಿ ನಿಕ್ 1996ರಲ್ಲಿ ಮಾಡಿದ್ದು. ನಮ್ಮ ಲಾಬಿವರೆಗೆ ಅದು ಬಂದಿಲ್ಲ.

ನನ್ನ 500 ರೂಪಾಯಿ ಎಲ್ಲಿಗೆ ಹೋಯ್ತು ಅಂತ ನಾನೂ ಕೇಳಿರಲಿಲ್ಲ, ಮಾವನ ಜೊತೆ ಓಡಾಡೋವರೆಗೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ದೊಡ್ಡ ಮಾತೇ. ಆದರೆ ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಇಬ್ಬರು ಬೆಂಗಳೂರಿಗೆ ಬರೋದು, ಇಲ್ಲಿ ಉಣ್ಣೋದು, ಮಲಗೋದು, ಅಲ್ಲಿ ತೋಟಕ್ಕೆ ನೀರು ಬಿಡೋ ಆಳಿನ ಕೂಲಿ, ಇದ್ಯಾವುದೂ ಕಾರ್ಡಿಗೆ ಸೇರಲ್ಲ. ಕಿದ್ವಾಯಿ ಆವರಣದಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಕಟ್ಟಿಸಿದ ಧರ್ಮಶಾಲೆ ಇದೆಯಲ್ಲ, ದುಡ್ಡು ಅಂಥದಕ್ಕೆ ಹೋಗಬೇಕು. ಅಲ್ಲಿ ಮಲಗೋಕೆ ಜಾಗ ಕೊಡೋವಾಗ ರೋಗಿ ಗಂಡೋ ಹೆಣ್ಣೋ ಅಂತ ಬಣ್ಣ ನೋಡೋ ಪ್ರಶ್ನೆಯೇ ಇಲ್ಲ.

“ಗಂಡಸರ ಹೆಸರಲ್ಲಿ ಹೆಂಗಸರ ದುಡ್ಡು ಕಿತ್ಕೋತೀರಾ?” ಅಂತ ಗೆಳತಿಯೊಬ್ಬಳು ರೇಗಿದಳು. ನ್ಯಾಯವಾದ ಪ್ರಶ್ನೆ. ಆದರೆ ಗಂಡಸಿನ ಗಂಟು ಗಂಡಸಿಗಷ್ಟೇ ಸೇರಿದ್ದಲ್ಲ. ಬಿಆರ್‌ಸಿಎ2 ಜೀನಿನಲ್ಲಿ ದೋಷ ಇರೋ ಅಪ್ಪನಿಂದ ಅದು ಪ್ರತಿ ಮಗುವಿಗೂ ಇಳಿಯೋ ಸಾಧ್ಯತೆ ಅರ್ಧಕ್ಕರ್ಧ. ಮಗಳಿಗೆ ಇಳಿದರೆ ಅವಳ ಅಪಾಯ ಅಪ್ಪನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಪ್ಪ ನಾಚಿಕೊಂಡು ಬಾಯಿ ಮುಚ್ಚಿಕೊಂಡರೆ ಮಗಳಿಗೆ ಸಿಗಬೇಕಾದ ಸುದ್ದಿಯೇ ಸಿಗಲ್ಲ.

ಮಾವ ಆಪರೇಶನ್ ಆಗಿ, ದಿನಾ ಟ್ಯಾಮಾಕ್ಸಿಫೆನ್ ಮಾತ್ರೆ ನುಂಗುತ್ತಾ ಮತ್ತೆ ತೋಟಕ್ಕೆ ಹೋಗ್ತಿದ್ದಾರೆ. ಹೊಳೆಗೆ ಸ್ನಾನಕ್ಕೆ ಹೋಗೋದು ಮಾತ್ರ ಬಿಟ್ಟಿದ್ದಾರೆ. ಊರಲ್ಲಿ ಕೇಳಿದವರಿಗೆ “ಎದಿ ಆಪರೇಶನ್” ಅಂತಾರೆ. ಎಲ್ಲರೂ ಹಾರ್ಟ್ ಅಂದುಕೊಂಡಿದ್ದಾರೆ, ಇವರೂ ತಿದ್ದಿಲ್ಲ. ಈ ಅಕ್ಟೋಬರ್‌ಗೆ ಗಂಡಸರ ಬಗ್ಗೆ ಒಂದು ಸಾಲು ಸೇರಿಸಿ ಅಂತ ನಮ್ಮ ಎಚ್‌ಆರ್‌ಗೆ ಬರೆದೆ. ಥೀಮ್ ಆಗಲೇ ಫೈನಲ್ ಆಗಿದೆಯಂತೆ.

ಮಾವನ ಮಗಳು ಇಲ್ಲೇ ವೈಟ್‌ಫೀಲ್ಡಲ್ಲಿ ಕೆಲಸ ಮಾಡ್ತಾಳೆ. ಅವಳ ಆಫೀಸಿನ ಹೆಲ್ತ್ ಚೆಕಪ್ ಫಾರಂನಲ್ಲಿ ‘ನಿಮ್ಮ ತಾಯಿ ಅಥವಾ ಸಹೋದರಿಗೆ ಸ್ತನ ಕ್ಯಾನ್ಸರ್ ಇತ್ತೇ?’ ಅಂತ ಕೇಳ್ತಾರೆ. ಪ್ರತಿ ವರ್ಷ ಇಲ್ಲ ಅಂತ ಟಿಕ್ ಹಾಕ್ತಿದ್ದಳು. ಈ ಸಲ ‘ತಾಯಿ ಅಥವಾ ಸಹೋದರಿಗೆ’ ಅನ್ನೋದನ್ನ ಹೊಡೆದು, ಮೇಲೆ ಪೆನ್ನಲ್ಲಿ ‘ಅಪ್ಪನಿಗೆ’ ಅಂತ ಬರೆದು, ಹೌದು ಅಂತ ಟಿಕ್ ಹಾಕಿ ಕೊಟ್ಟಿದ್ದಾಳೆ.