ದಾದಿಯ ವಿವೇಚನೆ: ಲಿಪ್‌ಸ್ಕಿಯವರ ಸಿದ್ಧಾಂತದ ಒಂದು ವಿಮರ್ಶೆ

ಸರ್ಕಾರದ ನೀತಿಯು ಕಾಗದದ ಮೇಲೆ ಒಂದು ಬಗೆಯಾಗಿದ್ದು ಆಚರಣೆಯಲ್ಲಿ ಬೇರೊಂದಾಗುವುದೇಕೆಂಬ ಪ್ರಶ್ನೆಗೆ ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈಕೆಲ್ ಲಿಪ್‌ಸ್ಕಿಯವರು 1980ರಲ್ಲಿ ಪ್ರಕಟಿಸಿದ 'ಸ್ಟ್ರೀಟ್ ಲೆವೆಲ್ ಬ್ಯೂರಾಕ್ರಸಿ' ಎಂಬ ಗ್ರಂಥವು ಗಮನಾರ್ಹವಾದ ಉತ್ತರವನ್ನು ಕೊಟ್ಟಿತು. ಉಪಾಧ್ಯಾಯರು, ಪೊಲೀಸಿನವರು, ಆರೋಗ್ಯ ಸಿಬ್ಬಂದಿ ಮೊದಲಾದವರು ಜನರೊಡನೆ ನೇರವಾಗಿ ವ್ಯವಹರಿಸುವಾಗ ಕೈಗೊಳ್ಳುವ ತೀರ್ಮಾನಗಳ ಮೊತ್ತವೇ ನಿಜವಾದ ನೀತಿಯೆಂಬುದು ಅವರ ಸಿದ್ಧಾಂತ. ಕೆಲಸ ಹೆಚ್ಚು, ಸಾಧನ ಕಡಿಮೆ. ಆದ್ದರಿಂದ ಅವರು ತಮ್ಮವೇ ಆದ ರೂಢಿಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಇಷ್ಟನ್ನು ನಾವು ಒಪ್ಪುತ್ತೇವೆ. ಈ ತೀರ್ಮಾನಗಳನ್ನೆಲ್ಲ ವಿವೇಚನೆಯೆಂಬ ಒಂದೇ ಹೆಸರಿನಿಂದ ಕರೆಯಬಹುದೆ ಎಂಬಲ್ಲಿ ಮಾತ್ರ ನಮಗೆ ಸಂದೇಹವಿದೆ.

ಬನ್ನೂರಿನಂತಹ ಊರಿನ ಹೆರಿಗೆ ಕೋಣೆಯನ್ನೇ ತೆಗೆದುಕೊಳ್ಳೋಣ. 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆಯು ಕರ್ನಾಟಕದ ಗ್ರಾಮಾಂತರದಲ್ಲಿ ಆಸ್ಪತ್ರೆಗೆ ಬಂದು ಹೆರುವ ಬಡ ತಾಯಿಗೆ 700 ರೂಪಾಯಿಗಳನ್ನು ಗೊತ್ತುಮಾಡಿತ್ತು. ತಾಯಿಗೆ 19 ವರ್ಷ ತುಂಬಿರಬೇಕು, ಸಹಾಯವು ಎರಡು ಜೀವಂತ ಜನನಗಳಿಗೆ ಮಾತ್ರ ಎಂಬ ನಿಬಂಧನೆಗಳಿದ್ದವು. 2013ರ ಮೇ ತಿಂಗಳಿನಲ್ಲಿ ಇವನ್ನು ತೆಗೆದುಹಾಕಲಾಯಿತು. ಅದಕ್ಕೆ ಮುಂಚಿನ ಕಾಲದಲ್ಲಿ ದಾದಿಯು ಕೇಳುತ್ತಿದ್ದ "ಎಷ್ಟನೆಯ ಹೆರಿಗೆಯಮ್ಮಾ?" ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅದು ವೈದ್ಯಕ್ಕೆ ಸೇರಿದ ಪ್ರಶ್ನೆ: ಹಲವು ಬಾರಿ ಹೆತ್ತವಳಲ್ಲಿ ಗರ್ಭಕೋಶವು ಸರಿಯಾಗಿ ಕುಗ್ಗದೆ ರಕ್ತಸ್ರಾವವಾಗುವ ಭಯ ಹೆಚ್ಚು. ಅದೇ ಪ್ರಶ್ನೆ ಲೆಕ್ಕಪತ್ರಕ್ಕೂ ಸೇರಿತ್ತು. ಹಣ ಕೈತಪ್ಪೀತೆಂದು ತಾಯಿ ಸಂಖ್ಯೆಯನ್ನು ಇಳಿಸಿ ಹೇಳಿದರೆ ದಾದಿಗೆ ಅಪಾಯದ ಸುಳಿವೇ ಸಿಗದು. ನಿಜವನ್ನು ಕೇಳಿಸಿಕೊಂಡು, ಕನಿಕರದಿಂದ ಎರಡೆಂದೇ ಬರೆದರೆ, ನಿಜವು ಅವಳ ಮನಸ್ಸಿನಲ್ಲುಳಿಯುತ್ತದೆ. ರಾತ್ರಿಯ ಪಾಳಿಗೆ ಬಂದವಳು ಓದುವುದು ದಾಖಲೆಯನ್ನು ಮಾತ್ರ. ನಿಯಮವನ್ನು ಸಡಿಲಿಸಿದ್ದರಿಂದ ನೀತಿ ಕೆಟ್ಟಿತೆಂದು ಇಲ್ಲಿ ಹೇಳಲಾಗದು. ನಿಯಮವೇ ರೋಗಿಯ ವೃತ್ತಾಂತವನ್ನು ಕೆಡಿಸಿತು. ಲಿಪ್‌ಸ್ಕಿಯವರ ವಾದದಲ್ಲಿ ಈ ಅಂಶಕ್ಕೆ ತಕ್ಕ ಸ್ಥಾನ ದೊರೆತಿಲ್ಲ.

ಇದನ್ನು ವಿವೇಚನೆಯೆನ್ನುವುದಕ್ಕಿಂತ ದಾಕ್ಷಿಣ್ಯವೆನ್ನುವುದೇ ಯುಕ್ತ. ನಮ್ಮ ಭಾಷೆಯಲ್ಲಿ ಈ ಪದವಿರುವುದು ಒಂದು ಅನುಕೂಲವೇ ಸರಿ. ಹೆರಲು ಬಂದವಳು ದಾದಿಯ ಬೀದಿಯವಳೇ ಆಗಿರಬಹುದಾದ ಊರಿನಲ್ಲಿ ದಾಕ್ಷಿಣ್ಯವು ಕೆಲಸವನ್ನು ಕೆಡಿಸಲೂಬಹುದು, ನಡೆಸಲೂಬಹುದು. ಕೊಪ್ಪಳ ಜಿಲ್ಲೆಯ ಸರ್ಕಾರಿ ಆರೋಗ್ಯ ಸಿಬ್ಬಂದಿಯ ಹೊಣೆಗಾರಿಕೆಯನ್ನು ಕುರಿತು ಆಶಾ ಜಾರ್ಜ್ ಅವರು 2009ರಲ್ಲಿ ಪ್ರಕಟಿಸಿದ ಲೇಖನವು ಇಂತಹ ಅನೌಪಚಾರಿಕ ಸಂಬಂಧಗಳನ್ನು ಕಡೆಗಣಿಸದಿರುವುದು ಪ್ರಶಂಸನೀಯ.

ವಿವೇಚನೆಯೆನ್ನಬೇಕಾದದ್ದು ಬೇರೆಯೇ ಇದೆ. ರಕ್ತದೊತ್ತಡವೇರಿ ಗರ್ಭಿಣಿಗೆ ಸೆಳವು ಬಂದಾಗ ದಾದಿಯೇ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಪ್ರಮಾಣವನ್ನು, ಪೃಷ್ಠದ ಎರಡು ಬದಿಗೂ 5 ಗ್ರಾಮಿನಂತೆ, ಚುಚ್ಚಿ ದೊಡ್ಡ ಆಸ್ಪತ್ರೆಗೆ ಕಳುಹಿಸಬಹುದೆಂದು ಕೇಂದ್ರ ಸರ್ಕಾರದ 2010ರ ಮಾರ್ಗಸೂಚಿಯು ಹೇಳುತ್ತದೆ. ಬನ್ನೂರಿನಿಂದ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಸುಮಾರು 25 ಕಿಲೋಮೀಟರಿನ ದಾರಿ. 2008ರಿಂದ 108ರ ವಾಹನವಿದೆ, ನಿಜ. ಆದರೆ ಹೆರಿಗೆ ಸಮೀಪಿಸಿದವಳನ್ನು ವಾಹನಕ್ಕೇರಿಸಬೇಕೆ, ಇಲ್ಲಿಯೇ ಹೆರಿಸಿ ಅನಂತರ ಕಳುಹಿಸಬೇಕೆ ಎಂಬುದನ್ನು ವೈದ್ಯರು ಎದುರಿಗಿಲ್ಲದ ಹೊತ್ತಿನಲ್ಲಿ ಯಾವ ಸುತ್ತೋಲೆಯೂ ನಿರ್ಣಯಿಸಿಕೊಡದು. ಕಳುಹಿಸಿದರೆ ಅವಳ ಮೇಲೆ ಹೊಣೆಯಿಲ್ಲ. ಉಳಿಸಿಕೊಂಡರೆ ಹೊಣೆಯೆಲ್ಲ ಅವಳದೇ. 'ಮೇಲಿನ ಆಸ್ಪತ್ರೆಗೆ ಕಳುಹಿಸಲಾಯಿತು' ಎಂಬ ಒಂದೇ ಸಾಲು ಜಾಣ್ಮೆಯಿಂದ ಕಳುಹಿಸಿದ್ದಕ್ಕೂ ಹೆದರಿ ಕಳುಹಿಸಿದ್ದಕ್ಕೂ ಸಲ್ಲುತ್ತದೆ. ದಾಖಲೆಗಳನ್ನಷ್ಟೇ ಎಣಿಸುವ ಸಂಶೋಧಕನಿಗೆ ಇವೆರಡೂ ಒಂದೇ ಆಗಿ ಕಾಣುವುವು.