ಕುಡುಕನ ವರಸೆ, ಎಚ್ಚರದ ಮೈ

ರೈಲು ನಿಂತಿದೆ. ಬೋಗಿಯ ತಳ ತಲೆಗೆ ತಾಗುವಷ್ಟು ಇಕ್ಕಟ್ಟಿನ ಜಾಗದಲ್ಲಿ ಇಬ್ಬರು ಕುಕ್ಕರುಗಾಲಲ್ಲಿ ಕೂತು, ಅಂಗಾತ ಬಿದ್ದು, ತೆವಳಿ ಹೊಡೆದಾಡುತ್ತಿದ್ದಾರೆ. ಹಿರಿಯನ ಕೈಯಲ್ಲಿ ಈಟಿ. ಬಯಲಿನಲ್ಲಾಗಿದ್ದರೆ ಅದರ ಉದ್ದವೇ ಅವನ ಬಲ. ಇಲ್ಲಿ ತಿರುಗಿಸಲೂ ಎಡೆಯಿಲ್ಲದೆ ಆ ಉದ್ದವೇ ಅವನಿಗೆ ತೊಡಕು. ಹಾಂಗ್‌ಕಾಂಗ್‌ನ ಕ್ಯಾಂಟನೀಸ್ ಚಿತ್ರ ‘ಡ್ರಂಕನ್ ಮಾಸ್ಟರ್ 2’ (1994) ಶುರುವಾಗುವುದೇ ಇಂಥ ಕಾಳಗದಿಂದ. ಕಿರಿಯನ ಪಾತ್ರದಲ್ಲಿ ಜಾಕಿ ಚಾನ್, ಹಿರಿಯನ ಪಾತ್ರದಲ್ಲಿ ಚಿತ್ರದ ನಿರ್ದೇಶಕ ಲಾವ್ ಕಾರ್-ಲ್ಯೂಂಗ್. ಚಿತ್ರೀಕರಣ ಮುಗಿಯುವ ಮೊದಲೇ ಇಬ್ಬರಿಗೂ ಸರಿಬರದೆ ಲಾವ್ ಹೊರನಡೆದರು. ಕೊನೆಯ ಕಾಳಗವನ್ನು ಚಾನ್ ತಾವೇ ಮುಗಿಸಿದರು. ಅದು ಗೊತ್ತಿದ್ದು ನೋಡಿದರೆ ರೈಲಿನಡಿಯ ಆ ಸೆಣಸಾಟದ ರುಚಿಯೇ ಬೇರೆ.

ಯುವೆನ್ ವೂ-ಪಿಂಗ್ ನಿರ್ದೇಶಿಸಿದ ಮೊದಲ ‘ಡ್ರಂಕನ್ ಮಾಸ್ಟರ್’ ತೆರೆಗೆ ಬಂದದ್ದು 1978ರಲ್ಲಿ. ಅದರ ನಾಯಕ ವಾಂಗ್ ಫೇ-ಹುಂಗ್ ಕಟ್ಟುಕಥೆಯ ಮನುಷ್ಯನಲ್ಲ; ಗುವಾಂಗ್‌ಡಾಂಗ್ ಪ್ರಾಂತ್ಯದ ಫೋಷಾನ್ ಕಡೆಯ ಹೆಸರಾಂತ ನಾಟಿ ವೈದ್ಯ, ಗರಡಿಯ ಗುರು. 1949ರಿಂದ ಕ್ವಾನ್ ಟಾಕ್-ಹಿಂಗ್ ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅವನನ್ನು ಗಂಭೀರ, ಧರ್ಮಭೀರು ಹಿರಿಯನನ್ನಾಗಿ ತೋರಿಸಿದ್ದರು. 1978ರ ಚಿತ್ರ ಆ ಪೂಜ್ಯ ಪುರುಷನನ್ನು ಅಪ್ಪನ ಮಾತು ಕೇಳದ ಪೋಲಿ ಹುಡುಗನಾಗಿಸಿ, ಕುಡುಕ ಗುರುವಿನ ಕೈಗೆ ಒಪ್ಪಿಸಿತು. ಜನ ಬಿದ್ದು ಬಿದ್ದು ನಕ್ಕರು, ಚಾನ್ ತಾರೆಯಾದರು.

ಹದಿನಾರು ವರ್ಷಗಳ ನಂತರ ಬಂದ ಎರಡನೆಯ ಭಾಗ ಹೆಸರಿಗಷ್ಟೇ ಮುಂದುವರಿಕೆ. ಆ ಕುಡುಕ ಗುರು ಇಲ್ಲಿಲ್ಲ. ನಲವತ್ತರ ಹೊಸ್ತಿಲಲ್ಲಿದ್ದ ಚಾನ್ ಇನ್ನೂ ಮನೆಮಗನೇ. ಅಪ್ಪನಾಗಿ ನಟಿಸಿದ ಟಿ ಲುಂಗ್ ಅವರಿಗಿಂತ ಎಂಟು ವರ್ಷಕ್ಕಷ್ಟೇ ದೊಡ್ಡವರು. ಮಲತಾಯಿಯಾದ ಅನಿಟಾ ಮುಯಿ ಒಂಬತ್ತು ವರ್ಷಕ್ಕೆ ಚಿಕ್ಕವರು. ಈ ಲೆಕ್ಕವನ್ನು ಮುಚ್ಚಿಡುವ ಗೋಜಿಗೆ ಚಿತ್ರ ಹೋಗುವುದೇ ಇಲ್ಲ. ಬೆಳೆದ ಗಂಡಸು ಅಪ್ಪನ ಮುಂದೆ ಕೈಕಟ್ಟಿ ನಡುಗುವುದೇ ಇಲ್ಲಿ ನಗೆಯ ಮೊದಲ ಸರಕು.

ಅಪ್ಪ-ಮಗನ ಜಗಳಕ್ಕೆ ಕಾರಣ ಹೆಂಡ. ‘ಕುಡುಕ ವರಸೆ’ಯ ಗುಟ್ಟು ಎದುರಾಳಿಯ ಅಂದಾಜು ತಪ್ಪಿಸುವುದರಲ್ಲಿದೆ: ಬೀಳುವಂತೆ ಕಂಡು ಹೊಡೆಯುವುದು, ಹೊಡೆಯುವಂತೆ ಕಂಡು ಬಾಗುವುದು, ಬಟ್ಟಲು ಹಿಡಿದಂತೆ ಬೆರಳು ಮಡಚಿ ಗಂಟಲಿಗೆ ಇಡುವುದು. ತೂರಾಟ ನಿಜವಾಗಿ ಕಾಣಬೇಕಾದರೆ ಮೈ ಪೂರ್ತಿ ಎಚ್ಚರದಲ್ಲಿರಬೇಕು. ನಡುಬೀದಿಯ ಹೊಡೆದಾಟದಲ್ಲಿ ಮಲತಾಯಿಯೇ ಬಾಟಲಿ ಎಸೆದು ಮಗನಿಗೆ ಕುಡಿಸುತ್ತಾಳೆ. ಒಂದೊಂದು ಗುಟುಕಿಗೂ ಚಾನ್ ಅವರ ಮೂಗು ಕೆಂಪೇರುತ್ತದೆ, ಸೊಂಟ ಸಡಿಲವಾಗುತ್ತದೆ, ಏಟು ಮಾತ್ರ ಇಟ್ಟ ಗುರಿಗೇ ಬೀಳುತ್ತದೆ. ಜನ ಚಪ್ಪಾಳೆ ತಟ್ಟುವಾಗಲೇ ಅಪ್ಪ ಬಂದು ನಿಲ್ಲುತ್ತಾನೆ. ಹೆಂಡ ಕೈಗೆ ಬಲ ಕೊಟ್ಟರೂ ಅಳತೆ ತಪ್ಪಿದರೆ ಮನುಷ್ಯನನ್ನೇ ನುಂಗುತ್ತದೆ ಎಂಬುದು ಅವನ ವಾದ. ಮುಂದೆ ಮಗ ಕಂಠಪೂರ್ತಿ ಕುಡಿದು ಸೋತು, ಊರ ನಡುವೆ ಬತ್ತಲೆ ನೇತಾಡಿದಾಗ ನಗು ಗಂಟಲಲ್ಲೇ ಉಳಿಯುತ್ತದೆ. ಮೊದಲ ಚಿತ್ರ ಇಂಥ ಪ್ರಶ್ನೆಯನ್ನು ಎತ್ತಿರಲೇ ಇಲ್ಲ.

ಅನಿಟಾ ಮುಯಿ ಇಲ್ಲದಿದ್ದರೆ ಚಿತ್ರದ ಅರ್ಧ ನಗೆ ಸೋರಿಹೋಗುತ್ತಿತ್ತು. ಗಂಡ ಮನೆಯಲ್ಲಿಲ್ಲದಾಗ ಮಹ್‌ಜಾಂಗ್ ಜೂಜು, ಜೋರು ಬಾಯಿ. ಅವನ ಹೆಜ್ಜೆ ಸದ್ದು ಕೇಳಿದ್ದೇ ತಡ ಗರತಿಯ ಮುಖ, ಕಣ್ಣಲ್ಲಿ ನೀರು. ಕ್ಯಾಂಟನೀಸ್ ಪಾಪ್ ಸಂಗೀತದ ರಾಣಿಯೆನಿಸಿದ್ದ ಆಕೆಗೆ ಮಾತಿನ ಲಯ ಮೊದಲೇ ಗೊತ್ತಿತ್ತು. ಆ ಲಯಕ್ಕೆ ಚಾನ್ ಎಷ್ಟೋ ಸಲ ಪಕ್ಕವಾದ್ಯ ನುಡಿಸುವವರಂತೆ ಹಿಂದೆ ಸರಿದು ನಿಲ್ಲುತ್ತಾರೆ.

ಇನ್ನು ಎರಡು ಗರಡಿಗಳ ಮಾತು. ಲಾವ್ ಅವರ ತಂದೆ ಲಾವ್ ಚಾಮ್, ಲಾಮ್ ಸಾಯ್-ವಿಂಗ್ ಅವರ ಶಿಷ್ಯ. ಲಾಮ್ ಸಾಕ್ಷಾತ್ ವಾಂಗ್ ಫೇ-ಹುಂಗ್‌ನ ಶಿಷ್ಯ. ಹಾಗಾಗಿ ನಿರ್ದೇಶಕರಿಗೆ ಇದು ಮನೆತನದ ಕಥೆ, ವರಸೆ ಶಾಸ್ತ್ರಕ್ಕೆ ತಪ್ಪುವಂತಿಲ್ಲ. ಚಾನ್ ಪಳಗಿದ್ದು ಪೀಕಿಂಗ್ ಒಪೆರಾ ಶಾಲೆಯಲ್ಲಿ. ಅವರಿಗೆ ಕುರ್ಚಿ, ಏಣಿ, ಗೋಡೆ ಎಲ್ಲವೂ ಆಟದ ಸಾಮಾನು. ಚಹಾ ಅಂಗಡಿಯ ದೃಶ್ಯದಲ್ಲಿ ಈ ಎರಡೂ ಹದವಾಗಿ ಬೆರೆತಿವೆ. ಕೊಡಲಿ ಹಿಡಿದ ಪುಂಡರ ದಂಡು ಮೆಟ್ಟಿಲೇರಿ ಮುಗಿಬೀಳುತ್ತದೆ. ಸೀಳಿದ ಬಿದಿರು ಗಳುವೊಂದು ಚಾನ್ ಕೈಯಲ್ಲಿ ಪೊರಕೆಯಂತೆ ಬಿಚ್ಚಿಕೊಂಡು ಅವರನ್ನು ಗುಡಿಸಿಹಾಕುತ್ತದೆ. ಕ್ಯಾಮೆರಾ ದೂರ ನಿಂತು ತಲೆಯಿಂದ ಕಾಲಿನವರೆಗೆ ತೋರಿಸುವುದರಿಂದ ಯಾರು ಯಾರಿಗೆ ಹೊಡೆದರೆಂಬ ಗೊಂದಲವೇ ಇಲ್ಲ.

ಉಕ್ಕಿನ ಕಾರ್ಖಾನೆಯ ಕೊನೆಯ ಕಾಳಗ ಪೂರ್ತಿ ಚಾನ್ ಅವರದು. ಎದುರಾಳಿ ಕೆನ್ ಲೋ ನಿಜಜೀವನದಲ್ಲಿ ಚಾನ್ ಅವರ ಅಂಗರಕ್ಷಕರಾಗಿದ್ದವರು. ಎತ್ತಿದ ಕಾಲನ್ನು ನೆಲಕ್ಕಿಳಿಸದೆ ಒಂದರ ಮೇಲೊಂದು ಒದೆ ಕೊಡುವ ಅವರ ಮುಂದೆ ಯಾವ ವರಸೆಯೂ ನಾಟುವುದಿಲ್ಲ. ಚಾನ್ ಕೆಂಡದ ಮೇಲೆ ಬಿದ್ದು ತೆವಳುವುದು ನಿಜವಾದ ಕೆಂಡದ ಮೇಲೆಯೇ. ಕಡೆಗೆ ಕಾರ್ಖಾನೆಯ ಮದ್ಯಸಾರವನ್ನೇ ಕುಡಿದು, ಬಾಯಲ್ಲಿ ಗುಳ್ಳೆ ಬಿಡುತ್ತ ತಿರುಗಿ ಬೀಳುತ್ತಾರೆ. ಸಾಹಸ ಸಂಯೋಜನೆಗೆ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿ ಬಂದದ್ದರಲ್ಲಿ ಅಚ್ಚರಿಯಿಲ್ಲ.

ಕಾಳಗಗಳ ನಡುವಿನ ಕಥೆ ಮಾತ್ರ ಸೊರಗಿದೆ. ಸುಂಕ ತಪ್ಪಿಸಲು ಬಚ್ಚಿಟ್ಟ ಜಿನ್ಸೆಂಗ್ ಬೇರಿನ ಪೆಟ್ಟಿಗೆ ಚಕ್ರವರ್ತಿಯ ಮುದ್ರೆಯ ಪೆಟ್ಟಿಗೆಯೊಂದಿಗೆ ಅದಲುಬದಲಾಗುವುದು ಸೊಗಸಾದ ಎಳೆ. ಆದರೆ ಪ್ರಾಚೀನ ವಸ್ತುಗಳನ್ನು ಸಾಗಿಸುವ ಬ್ರಿಟಿಷ್ ರಾಜತಾಂತ್ರಿಕ ಬರೀ ರಟ್ಟಿನ ಖಳ. ದೇಶಾಭಿಮಾನದ ಮಾತುಗಳು ಭಾಷಣದಂತೆ ಕೇಳಿಸುತ್ತವೆ. ಅದಕ್ಕಿಂತ ದೊಡ್ಡ ಎಡವಟ್ಟು ಈ ಚಿತ್ರದ ಮೂಲ ಪ್ರತಿಯ ಮುಕ್ತಾಯ. ಮದ್ಯಸಾರ ಕುಡಿದ ನಾಯಕ ಕಣ್ಣು ಕಳೆದುಕೊಂಡು ಬುದ್ಧಿಗೆಟ್ಟವನಾಗಿದ್ದಾನೆ ಎಂಬುದನ್ನೇ ನಗೆಯ ವಸ್ತುವಾಗಿಸುವ ತುಣುಕು ಅದು. ಕುಡಿತಕ್ಕೆ ಬೆಲೆ ತೆರಬೇಕು ಎಂಬ ಅಪ್ಪನ ಮಾತನ್ನು ಅಷ್ಟು ಹೊತ್ತು ಗಂಭೀರವಾಗಿ ಬೆಳೆಸಿದ ಚಿತ್ರ, ಆ ಬೆಲೆ ಎದುರು ಬಂದಾಗ ಅಂಗವೈಕಲ್ಯವನ್ನು ಅಣಕಿಸಿ ಜಾರಿಕೊಳ್ಳುತ್ತದೆ.

2000ದಲ್ಲಿ ಅಮೆರಿಕದ ವಿತರಕರು ಚಿತ್ರವನ್ನು ಇಂಗ್ಲಿಷ್‌ಗೆ ಡಬ್ ಮಾಡಿ ಬಿಡುಗಡೆ ಮಾಡಿದಾಗ ಆ ತುಣುಕಿಗೆ ಕತ್ತರಿ ಹಾಕಿದರು. ಅಲ್ಲಿ ಚಿತ್ರ ಗೆದ್ದ ಕುಡುಕನ ಮೇಲೆ ಮುಗಿಯುತ್ತದೆ. ಕತ್ತರಿ ಬಿದ್ದದ್ದು ನೋಡುಗರಿಗೆ ಹಿತವೇ. ಆದರೆ ಅದರೊಂದಿಗೆ ಕ್ಯಾಂಟನೀಸ್ ಮಾತೂ ಹೋಯಿತು, ಅನಿಟಾ ಮುಯಿ ಅವರ ದನಿಯೂ ಹೋಯಿತು. ಮೂಲ ಪ್ರತಿ ಸಿಕ್ಕವರು ಆ ಕೊನೆಯ ತುಣುಕನ್ನು ಸಹಿಸಿಕೊಂಡಾದರೂ ಅದನ್ನೇ ನೋಡಬೇಕು.